ತಟ್ಟೆ ಇಳಿಸುವ ತನಕ ಪೈಪು ನಿಲ್ಲುವುದಿಲ್ಲ

ಇಬ್ಬರೂ ಬೇರೆ ಬೇರೆ ಕಾರಿನಲ್ಲಿ ಬಂದಾಗಲೇ ನನಗೆ ಅನುಮಾನ ಬಂದಿತ್ತು. ಸಂಘದ ಅಧ್ಯಕ್ಷರು ಮತ್ತು ಕಾರ್ಯದರ್ಶಿ ಪ್ರತಿ ವರ್ಷ ಒಂದೇ ಕಾರಿನಲ್ಲಿ, ಒಬ್ಬರ ಡ್ರೈವಿಂಗನ್ನು ಇನ್ನೊಬ್ಬರು ಬೈಯುತ್ತಾ ಬರುವವರು. ಆ ಸಲ ಅಧ್ಯಕ್ಷರು ಕಾಫಿ ಲೌಂಜಿನ ಕಿಟಕಿ ಪಕ್ಕ ಕೂತರು. ಆಮೇಲೆ ಬಂದ ಕಾರ್ಯದರ್ಶಿ ಅವರನ್ನು ದಾಟಿಕೊಂಡು ಹೋಗಿ ಕಂಬದ ಆಚೆಯ ಮೇಜು ಹಿಡಿದರು. ನಾನು ಮೆನು ಕಾರ್ಡು ಹಿಡಿದು ನಡುವೆ ನಿಂತೆ.

"ಊಟದ ತಾರೀಕು ಬದಲಾಗಲ್ಲ ಅಂತ ಕಾರ್ಯದರ್ಶಿಗೆ ಹೇಳಿ," ಎಂದರು ಅಧ್ಯಕ್ಷರು.

ಕಾರ್ಯದರ್ಶಿ ಕೂತದ್ದು ಕೂಗಳತೆಯೂ ಬೇಡ, ಕೆಮ್ಮಿದರೆ ಕೇಳುವಷ್ಟು ಹತ್ತಿರ. ಆದರೂ ಹೋಗಿ ಹೇಳಿದೆ.

"ನನಗೆ ಕಿವಿ ಇದೆ ಅಂತ ಅವರಿಗೆ ಹೇಳಿ," ಎಂದರು ಕಾರ್ಯದರ್ಶಿ.

ವಾಪಸ್ ಬಂದೆ. ಅಧ್ಯಕ್ಷರು ಸಕ್ಕರೆ ಕದಡುತ್ತಾ, "ಕೇಳಿಸಿತು," ಎಂದರು. ಆ ದಿನವಿಡೀ ಹೀಗೇ ಆಚೆಗೂ ಈಚೆಗೂ ಓಡಾಡಿದೆ. ಅವರ ಮಾತೆಲ್ಲ ಇಂಗ್ಲಿಷಿನದು, ಅದರಲ್ಲೂ ಅರ್ಧ ನುಂಗಿದ ಇಂಗ್ಲಿಷು. ನನ್ನ ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮಲೇಷ್ಯಾದ ಆಡಳಿತ ನಗರ ಪುತ್ರಜಯಾದ ಕೆರೆ ದಂಡೆಯ ಒಂದು ಹೋಟೆಲಿನಲ್ಲಿ ನಾನು ಬ್ಯಾಂಕ್ವೆಟ್ ಮ್ಯಾನೇಜರ್. ಸಚಿವಾಲಯಗಳ ಸೆಮಿನಾರು, ಮದುವೆ, ಕಂಪನಿ ಪಾರ್ಟಿ, ಯಾರ ಊಟವಾದರೂ ಊಟದ ಹಾಲ್ ಸಜ್ಜು ಮಾಡಿ ಬಡಿಸಿ ಕಳಿಸುವುದು ನನ್ನ ಕೆಲಸ. ಮಲೇಷ್ಯಾದಲ್ಲಿ ನೆಲೆಸಿದ ಸ್ಕಾಟ್ಲೆಂಡಿನವರ ಸಂಘವೊಂದು ನವೆಂಬರ್ ಕೊನೆಗೆ ತಮ್ಮ ನಾಡಿನ ಸಂತನ ಹೆಸರಲ್ಲಿ ನಮ್ಮಲ್ಲೇ ದೊಡ್ಡ ಊಟ ಇಟ್ಟುಕೊಳ್ಳುತ್ತಿತ್ತು. ಅಧ್ಯಕ್ಷರು ತೈಲ ಕಂಪನಿಯಿಂದ ನಿವೃತ್ತರಾದ ಎಂಜಿನಿಯರು. ದೊಡ್ಡ ಆಳು, ಒಂದು ಮಂಡಿ ಸರಿ ಇಲ್ಲ. ಕಾರ್ಯದರ್ಶಿ ನಿಲಾಯ್‌ನ ಯೂನಿವರ್ಸಿಟಿಯಲ್ಲಿ ಪಾಠ ಮಾಡುವವರು, ಕಡ್ಡಿ ಮನುಷ್ಯ. ಇಬ್ಬರೂ ಒಂದೇ ಊರಿನವರು, ಒಂದೇ ಶಾಲೆಯಲ್ಲಿ ಓದಿದವರು.

ಅದು 2014. ಸ್ಕಾಟ್ಲೆಂಡು ಬ್ರಿಟನ್ನಿನಿಂದ ಬೇರೆಯಾಗಿ ಸ್ವತಂತ್ರ ದೇಶವಾಗಬೇಕೇ ಬೇಡವೇ ಎಂದು ಆ ಸೆಪ್ಟೆಂಬರಿನಲ್ಲಿ ಜನರನ್ನೇ ಕೇಳಿ ಓಟು ಹಾಕಿಸಿದ್ದರು. ಬೇಡ ಎಂದವರು ಗೆದ್ದರು. ಅಧ್ಯಕ್ಷರು ಬೇಡ ಎನ್ನುವ ಕಡೆ, ಕಾರ್ಯದರ್ಶಿ ಬೇಕು ಎನ್ನುವ ಕಡೆ. ಫಲಿತಾಂಶದ ಮರುದಿನ ಅಧ್ಯಕ್ಷರು ಸಂಘದವರಿಗೆಲ್ಲ ಶಾಂಪೇನ್ ಕುಡಿಸಿದರಂತೆ. ಕಾರ್ಯದರ್ಶಿ ಗ್ಲಾಸನ್ನು ಹೂಕುಂಡಕ್ಕೆ ಸುರಿದು ಹೊರಟರಂತೆ. ಅಲ್ಲಿಂದ ಮಾತು ಬಂದ್.

ತಮಾಷೆ ಏನೆಂದರೆ, ಇಬ್ಬರಿಗೂ ಓಟೇ ಇರಲಿಲ್ಲ. ಆ ನಾಡಿನೊಳಗೆ ವಾಸ ಇದ್ದವರಿಗಷ್ಟೇ ಓಟು. ಹೊರಗಿರುವವನು ಸ್ಕಾಟ್ಲೆಂಡಿನ ಮಣ್ಣಲ್ಲೇ ಹುಟ್ಟಿದ್ದರೂ ಇಲ್ಲ. ಇದನ್ನು ಕೇಳಿ ನಾನು ಹೆಂಡತಿಯ ಎದುರು ಹೊಟ್ಟೆ ಹಿಡಿದು ನಕ್ಕೆ.

"ನೀವು ನಗ್ತೀರಲ್ರೀ," ಎಂದಳು ಅವಳು ನಗದೆ. "ಮೆಲಾಕಾ ಭಾವನ ಜೊತೆ ಮಾತು ಬಿಟ್ಟು ಆರು ತಿಂಗಳಾಯ್ತು. ನೀವಿಬ್ರೂ ಯಾವ ಬೂತಿಗೆ ಹೋಗಿ ಓಟು ಹಾಕಿ ಬಂದಿದ್ರಿ?"

ಮೆಲಾಕಾ ಭಾವ ಅಂದರೆ ನನ್ನ ದೊಡ್ಡಪ್ಪನ ಮಗ, ಅಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಡಾಕ್ಟರು. ನಾವಿಬ್ಬರೂ ಮಂಗಳೂರಿನವರು. ಪ್ರಾರ್ಥನೆ ಕೊಂಕಣಿಯಲ್ಲಾದರೂ ಜಗಳ ಮಾತ್ರ ಮೊದಲಿನಿಂದ ಕನ್ನಡದಲ್ಲೇ. ಆ ಮೇ ತಿಂಗಳಲ್ಲಿ ನಮ್ಮ ದೇಶದ ಚುನಾವಣೆಯ ಫಲಿತಾಂಶ ಬಂದ ದಿನ ಫೋನಿನಲ್ಲಿ ಶುರುವಾದ ಮಾತು, "ನಿನಗೆ ಬುದ್ಧಿ ಇಲ್ಲ", "ನಿನಗೆ ಮನುಷ್ಯತ್ವ ಇಲ್ಲ" ಎನ್ನುವಲ್ಲಿಗೆ ಬಂದು ಕಟ್ ಆಗಿತ್ತು. ಸೆಪ್ಟೆಂಬರಿನ ತೆನೆ ಹಬ್ಬಕ್ಕೂ ಅವನು ಬರಲಿಲ್ಲ. ನಮ್ಮಲ್ಲಿ ಆ ದಿನ ಚರ್ಚಿನಲ್ಲಿ ಆಶೀರ್ವಾದ ಮಾಡಿಸಿದ ಹೊಸ ತೆನೆಯ ಕಾಳು ಸುಲಿದು, ಅರೆದು, ತೆಂಗಿನ ಹಾಲಿಗೆ ಹಾಕಿ ಮನೆಯವರೆಲ್ಲ ಒಂದೇ ಪಾತ್ರೆಯಿಂದ ಹಂಚಿಕೊಂಡು ಕುಡಿಯುತ್ತೇವೆ. ಸೆಕಿಂಚಾನ್ ಗದ್ದೆಯಿಂದ ತೆನೆ ತರಿಸಿ, ಅವನ ಪಾಲಿನ ಲೋಟ ತುಂಬಿಸಿ ಇಟ್ಟಿದ್ದೆ. ಸಂಜೆಗೆ ಅದು ಹುಳಿಯಾಯಿತು. ಸಿಂಕಿಗೆ ಸುರಿಯುವಾಗ ಬಂದ ಸಿಟ್ಟು ಇವತ್ತಿಗೂ ನೆನಪಿದೆ.

ಇರಲಿ, ಹೋಟೆಲಿನ ವಿಷಯಕ್ಕೆ ಬರುತ್ತೇನೆ.

ನನ್ನ ಕರಾರು ಡಿಸೆಂಬರಿಗೆ ಮುಗಿಯುವುದಿತ್ತು. ನಮ್ಮ ಜನರಲ್ ಮ್ಯಾನೇಜರ್ ಪೆನಾಂಗಿನ ಚೀನೀ ಹೆಂಗಸು. ಸುತ್ತಿ ಬಳಸಿ ಮಾತಾಡಿ ಗೊತ್ತಿಲ್ಲ, ಇಲ್ಲಿಯವರ ಹಾಗೆ ಮಾತಿನ ಕೊನೆಗೊಂದು 'ಲಾ' ಬೇರೆ. "ಈ ಊಟ ಬೇರೆ ಹೋಟೆಲಿಗೆ ಹೋಯ್ತೋ, ರಿನೀವಲ್ ಅಂತ ನನ್ನ ಬಾಗಿಲಿಗೆ ಬರಬೇಡ ಲಾ," ಎಂದರು. ಕರಾರು ಹೋದರೆ ವರ್ಕ್ ಪಾಸು ಹೋಗುತ್ತದೆ. ಪಾಸು ಹೋದರೆ ಮಗಳ ಶಾಲೆ ಬಿಡಿಸಿ, ಬಾಡಿಗೆ ಮನೆ ಖಾಲಿ ಮಾಡಿ ವಿಮಾನ ಹತ್ತಬೇಕು. ಅಷ್ಟರಲ್ಲಿ ಸಂಘದ ಎರಡೂ ಬಣದವರು ಗುಟ್ಟಾಗಿ ಕೌಲಾಲಂಪುರದ ಬೇರೆ ಬೇರೆ ಹೋಟೆಲುಗಳಿಗೆ ಫೋನ್ ಮಾಡುತ್ತಿದ್ದಾರೆ ಎಂದು ಸುದ್ದಿ ಬಂತು.

ಮೊದಲ ಕಿರಿಕ್ಕು ಬಾವುಟದ್ದು. ವೇದಿಕೆ ಮೇಲೆ ಯಾವಾಗಲೂ ಸ್ಕಾಟ್ಲೆಂಡಿನ ಬಾವುಟ ಒಂದೇ ಇರುತ್ತಿತ್ತು. ನೀಲಿ ಬಟ್ಟೆ, ಮೂಲೆಯಿಂದ ಮೂಲೆಗೆ ಓರೆ ಶಿಲುಬೆಯಂತೆ ಎರಡು ಬಿಳಿ ಪಟ್ಟಿ. ಈ ಸಲ ಪಕ್ಕದಲ್ಲಿ ಬ್ರಿಟನ್ನಿನದೂ ಇರಲಿ ಎಂದರು ಅಧ್ಯಕ್ಷರು. "ಜನ ತೀರ್ಮಾನ ಕೊಟ್ಟಾಯ್ತಲ್ಲ. ತಪ್ಪೇನು?"

"ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ? ಗಾಯಕ್ಕೆ ಉಪ್ಪು ಹಾಕೋಕಾ?" ಎಂದರು ಕಾರ್ಯದರ್ಶಿ. ಪಾಪ, ಸೋತ ಮನುಷ್ಯ. ಅವರಿಗೆ ಅದು ಬರೀ ಬಟ್ಟೆಯ ಮಾತಾಗಿರಲಿಲ್ಲ.

ಎರಡೂ ಬಾವುಟ ತೆಗೆದು ಹೂವಿನ ಅಲಂಕಾರ ಮಾಡುತ್ತೇನೆ ಎಂದೆ. ನೀಲಿ ಬಿಳಿ ಹೂವು ತೋರಿಸಿದರೆ ಅಧ್ಯಕ್ಷರು "ಇದೂ ಅದೇ ಬಾವುಟ ತಾನೇ" ಎಂದರು. ನಡುವೆ ಕೆಂಪು ಸೇರಿಸಿದರೆ, ಇದು ಬ್ರಿಟನ್ನಿನ ಬಾವುಟವಾಯಿತು ಎಂದು ಕಾರ್ಯದರ್ಶಿ ಎದ್ದು ನಿಂತರು. ನ್ಯಾಪ್ಕಿನ್ನಿನ ಮಡಿಕೆಯಲ್ಲೂ ಒಬ್ಬರಿಗೆ ಓರೆ ಶಿಲುಬೆ ಕಂಡಿತು. ಕೊನೆಗೆ ಮೇಜು, ಕುರ್ಚಿ, ಪರದೆ, ಹೂವು ಎಲ್ಲವನ್ನೂ ಕೆನೆ ಬಣ್ಣಕ್ಕೆ ತಂದೆ. ಇಡೀ ಹಾಲ್ ಆಸ್ಪತ್ರೆಯ ವಾರ್ಡಿನಂತೆ ಕಾಣುತ್ತಿತ್ತು, ಆದರೆ ತಕರಾರು ಬರಲಿಲ್ಲ.

ಆಮೇಲೆ ಕೂರಿಸುವ ವಿಷಯ. ಮುಖ್ಯ ಮೇಜಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂರುವುದು ವಾಡಿಕೆ. ಸಾಧ್ಯವೇ ಇಲ್ಲ ಎಂದರು. ಮುಖ್ಯ ಮೇಜನ್ನೇ ಎತ್ತಿಸಿ ಎರಡು ಸಾಲು ಮಾಡಿದೆ. ಬೇಡ ಎಂದವರು ಎಡಕ್ಕೆ, ಬೇಕು ಎಂದವರು ಬಲಕ್ಕೆ, ನಡುವೆ ನಡೆದಾಡುವ ದಾರಿ. ಆ ದಾರಿಯೂ ಸಾಲದು ಎಂದು ಅಧ್ಯಕ್ಷರು ಸೂರು ನೋಡಿದರು. ನಮ್ಮ ಹಾಲಿನ ನಡುವೆ ಎಳೆದು ಮುಚ್ಚುವ ಮಡಚು ಗೋಡೆಯೊಂದಿದೆ, ದೊಡ್ಡ ಹಾಲನ್ನು ಎರಡು ಮಾಡಲು.

"ಅದನ್ನು ಮುಚ್ಚಿಬಿಡಿ."

"ಒಳ್ಳೆಯದೇ ಆಯ್ತು," ಎಂದರು ಬಲ ಸಾಲಿನ ಆಚೆಯಿಂದ ಕಾರ್ಯದರ್ಶಿ, ನೇರವಾಗಿ ನನಗೆ. ಸೆಪ್ಟೆಂಬರಿನಿಂದೀಚೆಗೆ ಇಬ್ಬರೂ ಒಪ್ಪಿದ ಮೊದಲ ಮಾತು ಅದು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಜನರಲ್ ಮ್ಯಾನೇಜರ್ ಮೇಡಂಗೆ ಮಾತ್ರ ಖುಷಿ. "ಎರಡು ಹಾಲ್ ಅಂದ್ರೆ ಎರಡು ಬುಕಿಂಗ್ ಲಾ. ಮುಖ ಯಾಕೆ ಹಾಗೆ ಮಾಡ್ತೀಯ?"

"ಮುಂದಿನ ವರ್ಷ ಎರಡು ಸಂಘ ಆಗ್ತದೆ ಮೇಡಂ. ಅದರ ಮುಂದಿನ ವರ್ಷ ಒಂದೂ ಇರಲ್ಲ," ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ.

ಗೋಡೆ ಬಂದಮೇಲೆ ಹ್ಯಾಗಿಸ್ ಕೂಡ ಎರಡಾಗಲೇಬೇಕು. ಹ್ಯಾಗಿಸ್ ಅವರ ಊಟದ ರಾಜ. ಕುರಿಯ ಗುಂಡಿಗೆ, ಪಿತ್ತಜನಕಾಂಗ, ಶ್ವಾಸಕೋಶ ಬೇಯಿಸಿ ಕೊಚ್ಚಿ, ಹುರಿದ ಓಟ್ಸು, ಕೊಬ್ಬು, ಈರುಳ್ಳಿ, ಕಾಳುಮೆಣಸು ಬೆರೆಸಿ ಕುರಿಯ ಹೊಟ್ಟೆಯೊಳಗೆ ತುಂಬಿ ಹೊಲಿದು ಬೇಯಿಸುತ್ತಾರೆ. ಕೇಳಿ ಮುಖ ಕಿವುಚಬೇಡಿ. ಹೊರದೇಶದ ಹ್ಯಾಗಿಸ್ ನಮ್ಮ ಹಲಾಲ್ ಅಡುಗೆಮನೆಯೊಳಗೆ ಬರುವಂತಿಲ್ಲವಾದ್ದರಿಂದ ಪ್ರತಿ ವರ್ಷ ನಾವೇ ಮಾಡುತ್ತಿದ್ದೆವು. ನಮ್ಮ ಶೆಫ್ ಇಪೋ ಕಡೆಯ ತಮಿಳರು. ಶ್ವಾಸಕೋಶ ಇಲ್ಲಿ ಹೊಸದಲ್ಲ, ಪಾರು ಎಂದು ಹುರಿದು ಅನ್ನದ ಜೊತೆ ಎಲ್ಲರೂ ತಿನ್ನುತ್ತಾರೆ. ಹೊಟ್ಟೆ ತೊಳೆಯುವುದು ನಮ್ಮ ತಾಯಿ ಬೋಟಿ ತೊಳೆಯುತ್ತಿದ್ದ ಕ್ರಮದಲ್ಲೇ: ಬಿಸಿನೀರು, ಸುಣ್ಣ, ಕೆರೆಯುವುದು, ಮತ್ತೆ ಉಪ್ಪು, ಮತ್ತೆ ನಿಂಬೆಹುಳಿ.

ಎರಡು ಬಣದಿಂದಲೂ ಒಂದೇ ಷರತ್ತು ಬಂತು. ಆಚೆಯವರದ್ದಕ್ಕಿಂತ ನಮ್ಮದು ಸಣ್ಣದಿರಬಾರದು. ಸೆರೆಂಬಾನಿನ ಮಟನ್ ಅಂಗಡಿಯವನ ಹತ್ತಿರ ಒಂದೇ ಅಳತೆಯ ದೊಡ್ಡ ಹೊಟ್ಟೆ ಎರಡು ಸಿಗಲಿಲ್ಲ. ದೊಡ್ಡದು ಒಂದು, ಸಣ್ಣವು ಎರಡು ಕೊಟ್ಟ. ಸಣ್ಣ ಎರಡನ್ನೇ ದೊಡ್ಡದಾಗಿ ಕಾಣಿಸಲು ಬಿರಿಯ ತುಂಬಿ ಹಿಂದಿನ ದಿನ ಪ್ರಯೋಗಕ್ಕೆ ಇಟ್ಟೆವು. ಓಟ್ಸು ಉಬ್ಬುತ್ತದೆ, ಮೂರರಲ್ಲಿ ಒಂದು ಪಾಲು ಖಾಲಿ ಬಿಡಬೇಕು ಎನ್ನುವುದು ನಮ್ಮಿಬ್ಬರಿಗೂ ಗೊತ್ತು. ಗೊತ್ತಿದ್ದೂ ತುಂಬಿದೆವು. ನೀರು ಸಣ್ಣಗೆ ಕುದಿಯುತ್ತಿದ್ದಂತೆ ಮೊದಲನೆಯದು ಡಬ್ ಎಂದಿತು. ಶೆಫ್ ಸೂಜಿ ಹಿಡಿದು ಎರಡನೆಯದರ ಗಾಳಿ ಬಿಡಲು ಓಡಿದರು. ಚುಚ್ಚಿದ ಜಾಗದಿಂದಲೇ ಅದು ಸೀಳಿತು. ಪಾತ್ರೆ ತುಂಬ ಗಂಜಿ.

"ಅಯ್ಯೋ ಬಾಸ್," ಎಂದು ಶೆಫ್ ಸ್ಟೂಲಿನ ಮೇಲೆ ಕುಸಿದರು. "ಈ ದೊಡ್ಡದು ಒಂದೇ ಮಿಕ್ಕಿರೋದು. ಇದನ್ನು ಕತ್ತರಿಸಿ ಎರಡು ಮಾಡಿ ಹೊಲಿಲಾ? ನೀವು ಹೇಳಿ, ನಾನು ಮಾಡ್ತೀನಿ."

ಕತ್ತರಿ ಅವರ ಕೈಯಲ್ಲೇ ಇತ್ತು. ಅದನ್ನು ನೋಡುತ್ತಾ ನನಗೆ ಸಿಂಕಿಗೆ ಸುರಿದ ಆ ಲೋಟ ನೆನಪಾಯಿತು. ನಮ್ಮ ಮನೆಗಳಲ್ಲಿ ಎಷ್ಟು ಜಗಳ ಆಗಿಲ್ಲ? ಜಾಗದ ಜಗಳ, ಮದುವೆಯ ಜಗಳ. ಮುಖ ತಿರುಗಿಸಿಕೊಂಡೇ ಬಂದು, ಮುಖ ತಿರುಗಿಸಿಕೊಂಡೇ ಕುಡಿದು ಹೋದವರಿದ್ದಾರೆ. ಆದರೆ ಇವನಿಗೆ ಬೇರೆ, ಅವನಿಗೆ ಬೇರೆ ಎಂದು ಎರಡನೇ ಪಾತ್ರೆ ಒಲೆ ಮೇಲೆ ಇಟ್ಟದ್ದನ್ನು ನಾನು ಕಂಡಿಲ್ಲ. ನಮ್ಮದೇ ಒಂದು ಪಾತ್ರೆಗೆ ಆ ವರ್ಷ ಬರಬೇಕಾದವನು ಬರಲಿಲ್ಲ, ನಾನೂ ಕರೆಯಲಿಲ್ಲ. ಸಾಕಾಗಿ ಹೋಯಿತು ನನಗೆ.

"ಕತ್ತರಿ ಇಡಿ ಶೆಫ್. ಒಂದೇ ಮಾಡಿ. ಗೋಡೆ ಎಳೆಯೋದೂ ಬೇಡ."

"ಮೇಡಂಗೆ ಹೇಳಿದ್ರಾ?"

"ಹೇಳ್ತೇನೆ."

ಹೇಳಿದೆ. ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಅವರು ಎದ್ದು ಹೋದ್ರೆ?"

"ಹ್ಯಾಗಿಸ್ ಇರೋದು ಒಂದೇ. ಗೋಡೆ ಎಳೆದ್ರೆ ಯಾವ ಕಡೆಗೆ ಕಳಿಸಲಿ, ನೀವೇ ಹೇಳಿ ಮೇಡಂ."

"ನಿನ್ನ ಹಾಲ್, ನಿನ್ನ ತಲೆ," ಎಂದು ಫೈಲು ಮುಚ್ಚಿದರು. ಅಂದರೆ ಉರುಳುವುದಿದ್ದರೆ ನನ್ನದೇ.

ಊಟದ ದಿನ ಸಂಜೆ ಬ್ಯಾಗ್‌ಪೈಪಿನವನು ಬೇಗ ಬಂದ. ಕ್ಲಾಂಗಿನ ಸಿಖ್ಖ. ತಲೆಗೆ ಪೇಟ, ಸೊಂಟಕ್ಕೆ ಸ್ಕಾಟ್ಲೆಂಡಿನ ಚೌಕಳಿ ಲಂಗ, ಬಗಲಲ್ಲಿ ಗಾಳಿ ಚೀಲ. ಅವನು ಮುಂದೆ ಊದುತ್ತಾ ಬರಬೇಕು, ಹಿಂದೆ ಕಾರ್ಯದರ್ಶಿ ಹ್ಯಾಗಿಸ್ ತಟ್ಟೆ ಹೊತ್ತು ಬರಬೇಕು, ಅವರ ಹಿಂದೆ ಅಧ್ಯಕ್ಷರು ಚೂರಿ ಹಿಡಿದು. ಸಂಘ ಹುಟ್ಟಿದಂದಿನಿಂದ ಕ್ರಮ ಅದು.

"ಯಾವಾಗ ನಿಲ್ಲಿಸ್ತೀ?" ಎಂದು ಕೇಳಿದೆ.

"ತಟ್ಟೆ ಮೇಜಿನ ಮೇಲೆ ಕೂತಾಗ. ಅಲ್ಲಿವರೆಗೆ ಊದೋದೇ ಬಾಸ್. ನಡುವೆ ನಿಲ್ಲಿಸಿದ್ರೆ ಅಪಶಕುನ ಅಂತಾರೆ ಇವರು."

ಜನ ಬಂದರು. ಗೋಡೆ ಇಲ್ಲದ್ದನ್ನು ನೋಡಿ ಅಧ್ಯಕ್ಷರ ಮುಖ ಕೆಂಪಾಯಿತು. ಕಾರ್ಯದರ್ಶಿ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ಇದೇನು? ಮಾತು ಕೊಟ್ಟಿದ್ರಲ್ಲ?"

"ಕೊಟ್ಟಿರಲಿಲ್ಲ ಸರ್. ನೀವಿಬ್ಬರೂ ಹೇಳಿದ್ರಿ, ನಾನು ಕೇಳಿಸಿಕೊಂಡೆ ಅಷ್ಟೇ. ಹ್ಯಾಗಿಸ್ ಒಂದೇ ಇದೆ. ನೀವು ತಟ್ಟೆ ಹಿಡೀತೀರಾ?"

"ಅವನು ಚೂರಿ ಹಿಡಿದು ನನ್ನ ಬೆನ್ನ ಹಿಂದೆ ಬರೋದಾದ್ರೆ ಇಲ್ಲ."

ಅಧ್ಯಕ್ಷರ ಹತ್ತಿರ ಹೋದೆ. "ಅವನ ಬೆನ್ನು ನೋಡ್ತಾ ನಡೆಯೋ ಕರ್ಮ ನನಗೆ ಬೇಡ," ಎಂದರು. ಅಷ್ಟರಲ್ಲಿ ಎಡ ಸಾಲಿನಲ್ಲಿ ಕೆಲವರು ಕೋಟು ಎತ್ತಿಕೊಂಡರು. ಅದನ್ನು ನೋಡಿ ಬಲಗಡೆಯವರೂ ಚಡಪಡಿಸಿದರು. ಎದ್ದರೋ ಮುಗಿಯಿತು ಎಂದುಕೊಂಡು ಅಡುಗೆಮನೆ ಕಡೆಗೆ ಓಡಿದೆ.

ಸಂಘದವರು ಹ್ಯಾಗಿಸ್ ಮೇಲೆ ವಿಸ್ಕಿ ಸುರಿಯುತ್ತಾರೆ. ವಿಸ್ಕಿ ತಗಲಿದ್ದು ಯಾವುದೂ ನಮ್ಮ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಅದಕ್ಕೇ ಅವರ ಬೆಳ್ಳಿ ತಟ್ಟೆ ಹೊರಗಿನ ಪ್ಯಾಸೇಜಿನಲ್ಲೇ ಇರುತ್ತದೆ, ಹ್ಯಾಗಿಸನ್ನು ಅಲ್ಲಿಗೆ ತಂದು ದಾಟಿಸಬೇಕು. ಶೆಫ್ ಕುದಿನೀರಿನಿಂದ ಎತ್ತಿ ತಂದು ಇಳಿಸಿದರು. ಚೊಕ್ಕವಾಗಿ ಹೊಲಿದ, ಹೊಳೆಯುವ, ಒಡೆಯದ ಹ್ಯಾಗಿಸ್. ಮಗುವಿನಷ್ಟು ಭಾರ.

"ಯಾರು ಹೊರೋದು ಬಾಸ್?"

"ನಾನೇ."

"ಗ್ಲೌಸ್ ತೆಳು, ಬಟ್ಟೆ ಮಡಚಿ ಕೊಡ್ತೀನಿ ಇರಿ—"

ಇರಲಿಲ್ಲ. ಬಟ್ಟೆಗೆ ಕಾಯದೆ ಪೈಪಿನವನಿಗೆ ಕಣ್ಣು ಮಾಡಿದೆ. ಅವನು ಚೀಲ ಅದುಮಿದ. ಬ್ಯಾಗ್‌ಪೈಪು ಬಯಲಿನ ವಾದ್ಯ. ಸೂರಿನ ಕೆಳಗೆ ಊದಿದರೆ ಹಲ್ಲುಗಳೂ ನಡುಗುತ್ತವೆ. ಕೋಟು ಎತ್ತಿಕೊಂಡವರು ಹಾಗೇ ನಿಂತರು. ಪೈಪು ನುಡಿಯುವಾಗ ಬೆನ್ನು ಹಾಕಿ ಹೋಗುವುದು ಅವರಲ್ಲಿ ದೊಡ್ಡ ಅಮರ್ಯಾದೆ. ಎಲ್ಲರೂ ಎದ್ದು ತಾಳಕ್ಕೆ ಚಪ್ಪಾಳೆ ಶುರುಮಾಡಿದರು. ಕಪ್ಪು ಕೋಟಿನ ಹೋಟೆಲಿನವನು ತಟ್ಟೆ ಹೊತ್ತದ್ದನ್ನು ಕಂಡು ಕೆಲವರು ನಕ್ಕರು.

ನಡು ದಾರಿಯ ಕೊನೆಗೆ ಬಂದೆ. ಅಧ್ಯಕ್ಷರು ಎಡಗಡೆಯಿಂದ ತಮ್ಮ ಮೇಜು ತಟ್ಟಿ, ಇಲ್ಲಿಡು ಎಂದು ಕೈ ಮಾಡಿದರು. ಕಾರ್ಯದರ್ಶಿ ಬಲಗಡೆಯಿಂದ ಗ್ಲಾಸುಗಳನ್ನು ಸರಿಸಿ ಜಾಗ ಮಾಡಿ ತೋರಿಸಿದರು. ಎಡಕ್ಕೆ ಇಟ್ಟರೆ ಬಲಗಡೆಯವರು ಹೋಗುತ್ತಾರೆ, ಬಲಕ್ಕೆ ಇಟ್ಟರೆ ಎಡಗಡೆಯವರು. ಇಷ್ಟು ದಿನ ಆಚೆಗೂ ಈಚೆಗೂ ಓಡಿ ಓಡಿ ಬೇಸತ್ತ ಕಾಲುಗಳು ಅಲ್ಲೇ ನಿಂತುಬಿಟ್ಟವು. ಯೋಚನೆ ಮಾಡಿ ಹೂಡಿದ ಉಪಾಯ ಎಂದು ಆಮೇಲೆ ಎಲ್ಲರೂ ಹೊಗಳಿದರು. ಉಪಾಯವೂ ಇಲ್ಲ, ಮಣ್ಣೂ ಇಲ್ಲ. ಸಿಟ್ಟು ಅಷ್ಟೇ. ನಾನು ತಟ್ಟೆ ಇಳಿಸಲಿಲ್ಲ.

ತಟ್ಟೆ ಇಳಿಯದೆ ಪೈಪು ನಿಲ್ಲುವಂತಿಲ್ಲ. ಪೈಪಿನವನು ನನ್ನ ಸುತ್ತ ಒಂದು ಸುತ್ತು ಬಂದ, ಇನ್ನೊಂದು ಸುತ್ತು ಬಂದ. ಚಪ್ಪಾಳೆ ಕಡಿಮೆಯಾಯಿತು, ನಗು ನಿಂತಿತು. ಒಬ್ಬ ಅಜ್ಜಿ ಕಿವಿ ಮುಚ್ಚಿಕೊಂಡರು. ಹ್ಯಾಗಿಸಿನಿಂದ ಇಳಿದ ಬಿಸಿ ಕೊಬ್ಬು ತಟ್ಟೆಯ ಅಂಚಿಗೆ ಬಂದು ನನ್ನ ಎರಡೂ ಮಣಿಕಟ್ಟಿನ ಮೇಲೆ ಹರಿಯಿತು. ಅಮ್ಮಾ ಎಂದೆ, ಯಾರಿಗೂ ಕೇಳಿಸಲಿಲ್ಲ. ಬಾಗಿಲಲ್ಲಿ ಮೇಡಂ ನಿಂತಿದ್ದರು. ಪಕ್ಕದ ಹಾಲಿನಲ್ಲಿ ಮಲಾಯ್ ಮದುವೆಯೊಂದಿತ್ತು, ಅಲ್ಲಿಯವರು ದೂರು ತಂದಿದ್ದರು. ಮೇಡಂ ಕತ್ತಿನ ಮೇಲೆ ಬೆರಳು ಎಳೆದು ತೋರಿಸಿದರು. ಪೈಪು ನಿಲ್ಲಿಸು ಎಂದೋ, ನಿನ್ನ ಕತೆ ಮುಗಿಯಿತು ಎಂದೋ, ಗೊತ್ತಾಗಲಿಲ್ಲ.

ಮೊದಲು ಮೇಜು ಬಿಟ್ಟು ಬಂದವರು ಅಧ್ಯಕ್ಷರು. ಕುಂಟುತ್ತಾ ಬಂದು ನನ್ನ ಮುಖಕ್ಕೆ ಮುಖ ಕೊಟ್ಟು ಏನೋ ಕೂಗಿದರು. ಪೈಪಿನಲ್ಲಿ ಒಂದಕ್ಷರ ಕೇಳಲಿಲ್ಲ. ಅವರು ಬಂದದ್ದು ನೋಡಿ ಕಾರ್ಯದರ್ಶಿಯೂ ಧಾವಿಸಿದರು. ಅವರೂ ಕೂಗಿದರು. ನಾನು ತಲೆ ಆಡಿಸಿಯೇ ಇಬ್ಬರಿಗೂ ಸನ್ನೆ ಮಾಡಿದೆ, ಎಲ್ಲಿಡಲಿ? ಅಧ್ಯಕ್ಷರು ಎಡಕ್ಕೆ ತೋರಿಸಿದರು, ಕಾರ್ಯದರ್ಶಿ ಬಲಕ್ಕೆ. ನಾನು ಅಲ್ಲಾಡಲಿಲ್ಲ.

ಆಗ ಅಧ್ಯಕ್ಷರು ಕಾರ್ಯದರ್ಶಿಯ ಭುಜ ಹಿಡಿದು ಬಾಗಿ, ಕಿವಿಗೆ ಬಾಯಿ ಹಚ್ಚಿ ಏನೋ ಹೇಳಿದರು. ಆ ಸದ್ದಿನಲ್ಲಿ ಬೇರೆ ದಾರಿ ಇರಲಿಲ್ಲ. ಕಾರ್ಯದರ್ಶಿ ತಲೆ ಕೊಡವಿ, ತುದಿಗಾಲಲ್ಲಿ ನಿಂತು ಅಧ್ಯಕ್ಷರ ಕಿವಿಗೆ ಉತ್ತರ ಕೊಟ್ಟರು. ಅವರು ಮತ್ತೆ ಇವರ ಕಿವಿಗೆ. ಮುಖಗಳು ಕೆಂಪು, ಕೈಗಳು ಗಾಳಿಯಲ್ಲಿ. ನನ್ನ ಕೈ ಉರಿದು ಕಣ್ಣಲ್ಲಿ ನೀರು ಬಂದಿತ್ತು. ಕಾರ್ಯದರ್ಶಿಗೆ ಅದು ಕಂಡಿತು. ಅಧ್ಯಕ್ಷರ ತೋಳು ತಟ್ಟಿ ನನ್ನ ಕೈ ತೋರಿಸಿದರು. ಇಬ್ಬರೂ ಒಟ್ಟಿಗೆ ಹಿಂದೆ ತಿರುಗಿದರು. ಗೋಡೆ ಪಕ್ಕ ವಿಸ್ಕಿ ಬಾಟಲಿಗಳ ಸಣ್ಣ ಮೇಜಿತ್ತು. ಬಾಟಲಿಗಳನ್ನು ಯಾರದೋ ಕೈಗೆ ತುರುಕಿ, ಒಂದು ಕಡೆ ಅವರು, ಒಂದು ಕಡೆ ಇವರು ಹಿಡಿದು ಎಳೆದು ತಂದರು. ತರುವಾಗಲೂ ಬಾಯಿ ನಿಲ್ಲಿಸಿರಲಿಲ್ಲ. ದಾರಿಯ ನಟ್ಟನಡುವೆ, ನನ್ನ ಹೊಟ್ಟೆಗೆ ತಾಗುವಂತೆ ತಂದು ಇಟ್ಟರು.

ತಟ್ಟೆ ಇಳಿಸಿದೆ. ಪೈಪು ತಟಕ್ಕನೆ ನಿಂತಿತು. ಕಾರ್ಯದರ್ಶಿ ಇನ್ನೂ ಕೂಗುತ್ತಲೇ ಇದ್ದರು. ಆ ನಿಶ್ಶಬ್ದದಲ್ಲಿ ಅವರ ಅರ್ಧ ವಾಕ್ಯ ಇಡೀ ಹಾಲಿಗೆ ಕೇಳಿಸಿತು.

"—ನಿನಗೂ ಓಟಿರಲಿಲ್ಲ, ನನಗೂ ಓಟಿರಲಿಲ್ಲ, ಮುದಿ ಕತ್ತೆ!"

ಮೊದಲು ಆ ಕಿವಿ ಮುಚ್ಚಿಕೊಂಡಿದ್ದ ಅಜ್ಜಿ ಕಿಸಕ್ಕನೆ ನಕ್ಕರು. ಎಡಗಡೆ ಯಾರೋ ನಕ್ಕರು, ಬಲಗಡೆ ಯಾರೋ. ಅಧ್ಯಕ್ಷರು ನಗಲಿಲ್ಲ. ಚೂರಿ ಎತ್ತಿ, "ಇನ್ನೂ ಮುಗಿದಿಲ್ಲ. ಹಿಡ್ಕೋ ತಟ್ಟೆ," ಎಂದರು. ಕಾರ್ಯದರ್ಶಿ ಹಿಡಿದರು, ಅವರು ಕೊಯ್ದರು. ಹೊಗೆಯಾಡುತ್ತಾ ಹ್ಯಾಗಿಸ್ ಬಿಚ್ಚಿಕೊಂಡಿತು.

ರಾಜಿಯಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಊಟ ಮುಗಿಯುವ ತನಕ ಆ ಸಣ್ಣ ಮೇಜಿನ ಎರಡು ಬದಿಗೆ ಕುರ್ಚಿ ಎಳೆದುಕೊಂಡು ಇಬ್ಬರೂ ಕಚ್ಚಾಡಿದರು. ಪೌಂಡು, ತೈಲ, ಬಾವುಟ, ಹೂಕುಂಡಕ್ಕೆ ಸುರಿದ ಶಾಂಪೇನು, ಒಂದೂ ಬಿಡಲಿಲ್ಲ. ಉಳಿದವರೂ ತಮ್ಮ ತಮ್ಮ ಎದುರಾಳಿಗಳ ಮೇಜಿಗೆ ಹೋಗಿ ಕೂತರು. ಅಂಥ ಗದ್ದಲದ ಊಟ ನಾನು ಬಡಿಸಿದ್ದಿಲ್ಲ. ಹೊರಡುವಾಗ ಮಂಡಿ ನೋವಿನ ಅಧ್ಯಕ್ಷರು ಇಳಿಜಾರಿನಲ್ಲಿ ಕಾರ್ಯದರ್ಶಿಯ ಭುಜ ಹಿಡಿದಿದ್ದರು. ನನ್ನನ್ನು ಕಂಡು ನಿಂತರು.

"ಮುಂದಿನ ವರ್ಷಕ್ಕೂ ಇದೇ ಹಾಲ್."

"ಒಂದೇ ಹಾಲಾ ಸರ್?"

"ಗೋಡೆ ಎಳೆದ್ರೆ ನಾನು ಯಾರ ಹತ್ರ ಜಗಳ ಆಡ್ಲಿ?" ಎಂದರು ಕಾರ್ಯದರ್ಶಿ.

ಮೇಡಂ ಮರುದಿನ ಬೆಳಿಗ್ಗೆ ಕರೆದು ಮದುವೆಯವರ ದೂರಿನ ಬಗ್ಗೆ ಚೆನ್ನಾಗಿ ಜಾಡಿಸಿದರು. "ಎರಡು ಹಾಲ್ ಮಾರೋಳಿದ್ದೆ, ಒಂದು ಮಾಡಿದೆ," ಎಂದು ಗೊಣಗಿದರು. ಕೊನೆಗೆ, "ನಿನ್ನ ಪಾಸ್‌ಪೋರ್ಟನ್ನು ನಮ್ಮ ಆಫೀಸಿಗೆ ಕೊಡು, ರಿನೀವಲ್‌ಗೆ ಬೇಕು," ಎಂದರು. ಹೊರಗೆ ಬಂದು ಗೋಡೆಗೆ ಒರಗಿ ಒಂದು ಗಳಿಗೆ ನಿಂತೆ.

ಮನೆಯಲ್ಲಿ ಹೆಂಡತಿ ಮಣಿಕಟ್ಟಿನ ಗುಳ್ಳೆಗಳನ್ನು ನೋಡಿ, ಬಟ್ಟೆಯ ಪಟ್ಟಿ ಸುತ್ತಿ, "ಡಾಕ್ಟ್ರಿಗೆ ತೋರಿಸ್ರೀ," ಎಂದಳು. ಆಮೇಲೆ ಕಾರಿನ ಕೀ ಕೈಗೆತ್ತಿಕೊಂಡು, ಏನೂ ಗೊತ್ತಿಲ್ಲದವಳ ಹಾಗೆ, "ಒಳ್ಳೆ ಡಾಕ್ಟ್ರು ಮೆಲಾಕಾದಲ್ಲೊಬ್ರು ಇದಾರೆ," ಎಂದಳು.

ವಿಸ್ಕಿ ತಗಲಿದ ಹ್ಯಾಗಿಸ್ ಅಡುಗೆಮನೆಗೆ ವಾಪಸ್ ಹೋಗುವಂತಿಲ್ಲವಲ್ಲ, ಮಿಕ್ಕಿದ್ದನ್ನು ಹಾಲಿನಲ್ಲೇ ಡಬ್ಬಿಗೆ ತುಂಬಿ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿ ಮನೆಗೆ ತಂದಿದ್ದೆ. ಅದನ್ನೇ ತೊಡೆ ಮೇಲಿಟ್ಟುಕೊಂಡು ಕೂತೆ. ದಾರಿಯುದ್ದಕ್ಕೂ ಮನಸ್ಸು ಹಿಂದೆ ಮುಂದೆ ಆಡುತ್ತಿತ್ತು. ಅವನು ಬಾಗಿಲು ಹಾಕಿಕೊಂಡರೆ? ನನಗೇನು ಗರಜು? ತಿರುಗಿಸು ಕಾರು ಎಂದು ಹೇಳಲು ಎರಡು ಸಲ ಬಾಯಿ ತೆರೆದೆ. ಹೆಂಡತಿ ರೇಡಿಯೊ ಜೋರು ಮಾಡಿದಳು.

ಗೇಟಿಗೆ ಅವನೇ ಬಂದ. ಲುಂಗಿ, ಬನಿಯನ್ನು. ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದ.

"ಎಂತ?"

"ಊಟ ತಂದಿದ್ದೇನೆ ಅಣ್ಣ. ಎಲ್ಲಿಡಲಿ ಹೇಳು."

"ಯಾಕೆ, ನಿಮ್ಮ ಸರಕಾರ ಬಂದ ಸಂಭ್ರಮಕ್ಕಾ?"

ಉತ್ತರ ನಾಲಿಗೆ ತುದಿಗೆ ಬಂದಿತ್ತು. ನುಂಗಿ, ಡಬ್ಬಿ ಮುಂದೆ ಚಾಚಿಯೇ ನಿಂತೆ. ಅಂಗಿಯ ತೋಳು ಮೇಲೆ ಸರಿಯಿತು. ಅವನ ಕಣ್ಣು ಡಬ್ಬಿಯಿಂದ ನನ್ನ ಮಣಿಕಟ್ಟಿಗೆ ಇಳಿಯಿತು.

"ಅಯ್ಯೋ ಇದೆಂತ ಮಾರಾಯ ಕೈಗೆ? ಯಾರು ಕಟ್ಟಿದ್ದು, ಬಟ್ಟೆ ಅಂಟಿಕೊಂಡು ಉಂಟಲ್ಲ! ಒಳಗೆ ಬಾ. ಬಾ ಅಂದೆನಲ್ಲ, ಅದನ್ನು ಟೇಬಲಿನ ಮೇಲೆ ಇಡು ಸಾಯ್ಲಿ."

ಇಟ್ಟೆ. ಕುರ್ಚಿಯಲ್ಲಿ ಕೂರಿಸಿ, ಉಪ್ಪುನೀರಿನಲ್ಲಿ ತೊಳೆದು, ಅಂಟಿದ ಬಟ್ಟೆ ನಿಧಾನ ಬಿಡಿಸಿದ. ಮುಲಾಮು ಹಚ್ಚಿದ. ನನ್ನ ಎರಡು ಕೈಗಳೂ ಅವನ ತೊಡೆಯ ಮೇಲಿದ್ದವು. ಬ್ಯಾಂಡೇಜು ಒಂದು ಸುತ್ತು ಸುತ್ತಿ, ತಲೆ ಎತ್ತದೆ, ಮೇ ತಿಂಗಳಲ್ಲಿ ಫೋನು ಎಲ್ಲಿ ಕಟ್ ಆಗಿತ್ತೋ ಅಲ್ಲಿಂದಲೇ ಹಿಡಿದ.

"ಆದರೂ ನೀನು ಆ ದಿನ ಹೇಳಿದ್ದು ತಪ್ಪು. ಹೇಗೆ ಅಂತ ಹೇಳ್ತೇನೆ, ಕೇಳು."

ಕೈ ಎಳೆದುಕೊಳ್ಳುವ ಹಾಗಿರಲಿಲ್ಲ. ಕೂತು ಕೇಳಿದೆ.